ಪ್ಯಾಕಿಂಗ್ ಕೀಳುವ ಮುನ್ನ

(ಸಂಘದ ಗ್ಯಾರೇಜು ಕೆಲಸಗಾರರ ಹಾಗೂ ಟ್ಯಾಕ್ಸಿ ಚಾಲಕರ ಕೂಟದಲ್ಲಿ ಮಾಡಿದ ಭಾಷಣ)



ಇಂದು ನಾವು ಮಾತನಾಡಹೊರಟಿರುವುದು ಬಹು ಸಣ್ಣ ವಸ್ತುವಿನ ವಿಷಯ. ಇಂಟೇಕ್ ಮ್ಯಾನಿಫೋಲ್ಡಿಗೂ ಎಂಜಿನ್ನಿನ ಹೆಡ್ಡಿಗೂ ನಡುವೆ ಕೂರುವ ಗ್ಯಾಸ್ಕೆಟ್. ನಮ್ಮ ಬಾಯಲ್ಲಿ ಅದು ಪ್ಯಾಕಿಂಗ್. ಅದರ ಬೆಲೆ ಅಲ್ಪ. ಅದು ಕೆಟ್ಟಾಗ ಚಾಲಕನಿಗೆ ತಪ್ಪುವ ದಿನದ ಗಳಿಕೆ ಅಲ್ಪವಲ್ಲ. ಅದನ್ನು ಕೆರೆಯುವವನ ಶ್ವಾಸಕೋಶಕ್ಕಾಗಬಹುದಾದ ಕೇಡಂತೂ ಇನ್ನೂ ದೊಡ್ಡದು.

ನಮ್ಮಲ್ಲಿ ಅನೇಕರ ಕೈ ಪಳಗಿದ್ದು ಪ್ರೀಮಿಯರ್ ಪದ್ಮಿನಿಯ ಮೇಲೆ. 2023ರ ಅಕ್ಟೋಬರಿನಲ್ಲಿ ಅದು ಮುಂಬಯಿಯ ಟ್ಯಾಕ್ಸಿ ಸಾಲಿನಿಂದ ಮರೆಯಾಯಿತು. ಆದರೂ ಆ ಕಾರ್ಬ್ಯುರೇಟರ್ ಗಾಡಿಯಲ್ಲಿ ಕಲಿತದ್ದು ಇಂದಿಗೂ ಸಲ್ಲುತ್ತದೆ. ಒಂದು ತೂಕ ಪೆಟ್ರೋಲು ಪೂರ್ಣ ಉರಿಯಲು ಸುಮಾರು 14.7 ತೂಕ ಗಾಳಿ ಬೇಕು. ಪ್ಯಾಕಿಂಗ್ ಬಿರುಕು ಬಿಟ್ಟರೆ ಲೆಕ್ಕಕ್ಕೆ ಸಿಗದ ಗಾಳಿ ಒಳನುಗ್ಗುತ್ತದೆ. ಥ್ರಾಟಲ್ ಮುಚ್ಚಿದ್ದಾಗ ಒಳಗಿನ ಎಳೆತ ಹೆಚ್ಚು. ಆದುದರಿಂದ ಗಾಡಿ ಸಿಗ್ನಲಿನಲ್ಲಿ ನಡುಗುತ್ತದೆ, ನಿಂತೇ ಹೋಗುತ್ತದೆ. ಆಕ್ಸಿಲರೇಟರ್ ಒತ್ತಿದರೆ ಏನೂ ಆಗಿಲ್ಲವೆಂಬಂತೆ ಓಡುತ್ತದೆ! ಈ ಲಕ್ಷಣ ತಿಳಿಯದ ಮಿಸ್ತ್ರಿ ಕಾರ್ಬ್ಯುರೇಟರನ್ನು ಬಿಚ್ಚಿ ತೊಳೆಯುತ್ತಾನೆ, ಪ್ಲಗ್ಗು ಬದಲಿಸುತ್ತಾನೆ. ಚಾಲಕ ಹಣ ಎಣಿಸುತ್ತಾನೆ. ಇಂಜೆಕ್ಷನ್ ಗಾಡಿಯಲ್ಲಿ ಕಂಪ್ಯೂಟರು ಪೆಟ್ರೋಲು ಹೆಚ್ಚಿಸಿ ಸ್ವಲ್ಪ ಸರಿದೂಗಿಸುತ್ತದೆ. ಅದರ ಮಿತಿ ಮೀರಿದಾಗ ಎಂಜಿನ್ ದೀಪ ಹೊತ್ತುತ್ತದೆ.

ಸೋರುವ ಜಾಗ ಹುಡುಕಲು ಸಂದಿಗೆ ಪೆಟ್ರೋಲು ಚಿಮುಕಿಸುವ ಚಟ ಕೆಲವರಿಗುಂಟು. ಇದನ್ನು ಖಂಡಿತ ನಿಲ್ಲಿಸಬೇಕು. ಒಂದು ಕಿಡಿ ಸಾಕು, ಗಾಡಿಯೂ ಮುಖವೂ ಸುಡಲು. ತಣ್ಣಗಿರುವ ಎಂಜಿನ್ನನ್ನು ಆಗಷ್ಟೇ ಚಾಲೂ ಮಾಡಿ, ಸಂದಿಗೆ ಮಾತ್ರ ನೀರನ್ನು ತುಂತುರಾಗಿ ಹಾಯಿಸಿರಿ. ವೈರು, ಪ್ಲಗ್ಗುಗಳ ಕಡೆಗೆ ಬೇಡ. ನೀರು ಬಿದ್ದ ಕ್ಷಣ ಓಟದ ಸದ್ದು ಬದಲಾದರೆ ಕಳ್ಳ ಅಲ್ಲೇ ಇದ್ದಾನೆ.

ಬಿಚ್ಚುವ ಮೊದಲು ಎಂಜಿನ್ ಆರಲಿ, ಬ್ಯಾಟರಿಯ ಮೈನಸ್ ತಂತಿ ಕಳಚಲಿ. ಮ್ಯಾನಿಫೋಲ್ಡಿನೊಳಗೆ ನೀರು ಹರಿಯುವ ಎಂಜಿನ್ನಾದರೆ ರೇಡಿಯೇಟರಿನ ನೀರನ್ನೂ ಇಳಿಸಬೇಕು. ನಳಿಕೆಗಳಿಗೆ ಗುರುತು ಕಟ್ಟಿರಿ. ಹೆಡ್ಡಿನ ರಂಧ್ರಗಳಿಗೆ ಬಟ್ಟೆ ತುರುಕಿ, ಎಷ್ಟು ತುಂಡು ಎಂದು ಎಣಿಸಿಡಿರಿ; ಒಳಗೆ ಉಳಿದ ಚಿಂದಿ ಎಂಜಿನ್ನಿನ ಹೊಟ್ಟೆ ಸೇರೀತು.

ಇನ್ನು ಕೆರೆಯುವ ಮಾತು. ಹಳೆಯ ಗಾಡಿಗಳ ಪ್ಯಾಕಿಂಗಿನಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ನೋಡಿದರೆ ತಿಳಿಯದು, ಆದ್ದರಿಂದ ಹಳೆಯದೆಲ್ಲವನ್ನೂ ಆಸ್ಬೆಸ್ಟಾಸ್ ಎಂದೇ ಎಣಿಸಬೇಕು. ಆ ಧೂಳು ಕ್ಯಾನ್ಸರಿಗೆ ಕಾರಣವಾಗುತ್ತದೆ. ರೋಗ ತಲೆದೋರುವುದು ಹತ್ತಾರು ವರ್ಷಗಳ ಮೇಲೆ. ಅಷ್ಟು ಹೊತ್ತಿಗೆ ಗ್ಯಾರೇಜೂ ಇರದು, ಮಾಲೀಕನೂ ಸಿಕ್ಕಾನೆಯೆ? ಒಣಗಿದ್ದನ್ನು ಕೆರೆಯಬೇಡಿರಿ, ತಿರುಗುವ ಬ್ರಷ್ಷು ಹಚ್ಚಬೇಡಿರಿ, ಗಾಳಿಯ ಪೈಪು ಹಿಡಿದು ಊದಬೇಡಿರಿ. ಚೆನ್ನಾಗಿ ನೆನೆಸಿ, ಮೆಲ್ಲಗೆ ಎತ್ತಿ, ಒದ್ದೆಯಾಗಿಯೇ ಚೀಲಕ್ಕೆ ಹಾಕಿ ಬಾಯಿ ಕಟ್ಟಿರಿ. ಮೂಗಿಗೆ ಕಟ್ಟುವ ಕೈವಸ್ತ್ರ ಈ ನಾರನ್ನು ತಡೆಯದು. ತಕ್ಕ ಮಾಸ್ಕ್ ಕೊಡಿಸುವುದು ಮಾಲೀಕನ ಹೊಣೆ. ಅದನ್ನು ನಾವು ಬಾಯಿಬಿಟ್ಟು ಕೇಳಬೇಕು. ಆ ಧೂಳಿನ ಅಂಗಿ ಮನೆಗೆ ಹೋದರೆ ಒಗೆಯುವವರಿಗೂ ಅಪಾಯ.

ಅಲ್ಯೂಮಿನಿಯಂ ಮುಖಕ್ಕೆ ಉಕ್ಕಿನ ಉಳಿ ತಾಗಿದರೆ ಗೀರು ಬಿದ್ದು, ಹೊಸ ಪ್ಯಾಕಿಂಗೂ ಸೋರುತ್ತದೆ. ಪ್ಲಾಸ್ಟಿಕ್ ಪಟ್ಟಿ ಸಾಕು. ಸ್ವಚ್ಛವಾದ ಮೇಲೆ ನೇರ ಅಳತೆಪಟ್ಟಿಯಿಟ್ಟು ಮುಖ ಸೊಟ್ಟಗಾಗಿದೆಯೇ ನೋಡಿರಿ. ಸೊಟ್ಟಗಿದ್ದರೆ ಎರಡು ಪ್ಯಾಕಿಂಗ್ ಹಾಕಿದರೂ ನಿಲ್ಲದು. ನಟ್ಟುಗಳನ್ನು ನಡುವಿನಿಂದ ಅಂಚಿಗೆ, ಎರಡು ಮೂರು ಸುತ್ತಿನಲ್ಲಿ ಬಿಗಿಯುತ್ತ ಬರಬೇಕು. ಕೊನೆಯ ಸುತ್ತಿಗೆ ಟಾರ್ಕ್ ಪಾನಾ, ಆ ಎಂಜಿನ್ನಿನ ಪುಸ್ತಕದಲ್ಲಿ ಹೇಳಿದಷ್ಟೇ. ತೋಳಿನ ಬಲ ತೋರಿಸಿ ಸ್ಟಡ್ಡು ಮುರಿದರೆ ಅರ್ಧ ದಿನದ ಕೆಲಸ ಎರಡು ದಿನಕ್ಕೆ ಬೆಳೆಯುತ್ತದೆ. ಬಟ್ಟೆ ತುಂಡುಗಳ ಲೆಕ್ಕವನ್ನು ಮಾತ್ರ ಮ್ಯಾನಿಫೋಲ್ಡು ಕೂರಿಸುವ ಮುಂಚೆಯೇ ಒಪ್ಪಿಸಿಕೊಳ್ಳಿರಿ.