ಸಾವಳಗಿಯ ಜತ್ತಿಯವರು
(ವಳಸಂಗದ ಪಾಲಕರ ಸಭೆಯಲ್ಲಿ ಮಾಡಿದ ಭಾಷಣ)



ದಾಖಲಾತಿಯ ದಿನ ಬಂದರೆ ನೀವು ಕೇಳುವುದು ಒಂದೇ ಮಾತು: “ಗುರುಗಳೇ, ಕನ್ನಡ ಕಲಿತು ನಮ್ಮ ಹುಡುಗ ಎಲ್ಲಿಗೆ ಹೋದಾನು?” ಇಂದು ಒಬ್ಬರು ಎಲ್ಲಿಗೆ ಹೋದರೆಂಬುದನ್ನು ಹೇಳುತ್ತೇನೆ.

ಗಡಿಯಾಚೆ, ಜಮಖಂಡಿ ತಾಲೂಕಿನ ಸಾವಳಗಿಯಲ್ಲಿ 1912ರಲ್ಲಿ ಬಸಪ್ಪ ದಾನಪ್ಪ ಜತ್ತಿ ಹುಟ್ಟಿದರು. ತಂದೆಯದು ಕಿರಾಣಿ ವ್ಯಾಪಾರ, ಮನೆಮಾತು ಕನ್ನಡ. (ಅಡ್ಡಹೆಸರು ಕೇಳಿ ನಮ್ಮ ಜತ್ತದವರೇ ಎಂದುಕೊಳ್ಳಬೇಡಿ.) ಆಗ ಜಮಖಂಡಿ ಪಟವರ್ಧನರ ಸಂಸ್ಥಾನ, ಜತ್ತ ಡಫಳೆಯವರ ಸಂಸ್ಥಾನ. ಕೊಲ್ಹಾಪುರದಲ್ಲಿ ವಕೀಲಿ ಓದಿ ಬಂದ ಜತ್ತಿಯವರು 1940ರಲ್ಲಿ ಜಮಖಂಡಿ ಪುರಸಭೆಯ ಸದಸ್ಯರಾದರು, 1945ರಲ್ಲಿ ಅಧ್ಯಕ್ಷರು, ಆಮೇಲೆ ಸಂಸ್ಥಾನದ ಮಂತ್ರಿ, 1948ರಲ್ಲಿ ದಿವಾನರು. ಆ ವರ್ಷದ ಮಾರ್ಚ್ 8ರಂದು ಜಮಖಂಡಿಯೂ ಜತ್ತವೂ ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ದಿವಾನಗಿರಿ ಹೋಯಿತು, ಜತ್ತಿಯವರು ಮತ್ತೆ ಕರಿ ಕೋಟು ಹಾಕಿಕೊಂಡು ಕೋರ್ಟಿಗೆ ನಡೆದರು. ಸುಮಾರು ಇಪ್ಪತ್ತು ತಿಂಗಳ ನಂತರ ಮುಂಬಯಿ ವಿಧಾನಸಭೆಗೆ ನಾಮಕರಣವಾಯಿತು. 1952ರ ಚುನಾವಣೆಯಾದ ಮೇಲೆ ಅಲ್ಲಿಯೇ ಆರೋಗ್ಯ ಮತ್ತು ಕಾರ್ಮಿಕ ಖಾತೆಯ ಉಪಮಂತ್ರಿಗಳಾದರು.

1956ರ ನವೆಂಬರ್ 1ರಂದು ಜಮಖಂಡಿ ಮೈಸೂರು ರಾಜ್ಯಕ್ಕೆ ಹೋಯಿತು, ನಾವು ಇಲ್ಲಿಯೇ ಉಳಿದೆವು. ಜತ್ತಿಯವರು ಅಲ್ಲಿ ಭೂಸುಧಾರಣಾ ಸಮಿತಿಯ ಅಧ್ಯಕ್ಷರಾದರು. 1961ರ ಭೂಸುಧಾರಣಾ ಕಾಯದೆಗೆ ದಾರಿ ಮಾಡಿದ್ದು ಆ ಸಮಿತಿಯೇ. ನನಗೆ ಅವರ ಎಲ್ಲ ಪದವಿಗಳಿಗಿಂತ ಇದು ದೊಡ್ಡದು. ಗೇಣಿಗೆ ಹೊಲ ಮಾಡಿದ ಮನೆಯವರಿಗೆ ಏಕೆಂದು ಬಿಡಿಸಿ ಹೇಳಬೇಕಾಗಿಲ್ಲ. 1958ರಿಂದ 62ರವರೆಗೆ ಮುಖ್ಯಮಂತ್ರಿ, ಮುಂದೆ ಪಾಂಡಿಚೇರಿ, ಒರಿಸ್ಸಾಗಳ ರಾಜಭವನ, 1974ರಲ್ಲಿ ಉಪರಾಷ್ಟ್ರಪತಿ. 1977ರ ಫೆಬ್ರುವರಿ 11ರಂದು ಫಕ್ರುದ್ದೀನ್ ಅಲಿ ಅಹಮದರು ತೀರಿಕೊಂಡಾಗ ಜತ್ತಿಯವರು ಹಂಗಾಮಿ ರಾಷ್ಟ್ರಪತಿ. ಮೊರಾರ್ಜಿ ದೇಸಾಯಿಯವರಿಗೆ ಪ್ರಮಾಣ ವಚನ ಬೋಧಿಸಿದವರು ಇವರೇ. ಒಂಬತ್ತು ರಾಜ್ಯಗಳ ವಿಧಾನಸಭೆ ವಿಸರ್ಜಿಸುವ ಕಾಗದ ಬಂದಾಗ ಸಹಿಗೆ ತಡಮಾಡಿದರು, ಕೊನೆಗೆ ಮಾಡಿದರು. 2002ರಲ್ಲಿ ತೀರಿಕೊಂಡರು.

ಕನ್ನಡವೊಂದರಿಂದಲೇ ಅವರು ಇಷ್ಟಾದರು ಎಂದು ಹೇಳಿದರೆ ನೀವು ನಗುತ್ತೀರಿ, ನಗಲೇಬೇಕು. ಕೊಲ್ಹಾಪುರದಲ್ಲಿ ಓದಿ ಮುಂಬಯಿಯಲ್ಲಿ ದುಡಿದವರಿಗೆ ಕನ್ನಡವೊಂದೇ ಸಾಲುತ್ತಿರಲಿಲ್ಲ. ನಿಮ್ಮ ಮಕ್ಕಳಿಗೂ ಮರಾಠಿ ಬೇಕು, ಇಂಗ್ಲಿಷ್ ಬೇಕು. ಆದರೆ ಮೊದಲು ಯಾವುದು? ಮೂರನೆಯ ಇಯತ್ತೆಯಲ್ಲಿ ಮಾಧ್ಯಮ ಬದಲಿಸಿದ ಒಬ್ಬ ಹುಡುಗನನ್ನು ಬಲ್ಲೆ. ಸಂತೆಯಲ್ಲಿ ಅಪ್ಪನ ಲೆಕ್ಕ ಬಾಯಲ್ಲೇ ಹೇಳುತ್ತಿದ್ದವನು, ಪುಸ್ತಕದ ಲೆಕ್ಕ ಏನು ಕೇಳುತ್ತಿದೆ ಎಂದು ತಿಳಿಯದೆ ಸುಮ್ಮನೆ ಕೂತುಬಿಟ್ಟ. ಮನೆಯವರು ಅವನನ್ನು ದಡ್ಡ ಎಂದರು.

ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಕಲಿಯುವ ಸೌಲಭ್ಯ ಒದಗಿಸಬೇಕೆಂದು ಸಂವಿಧಾನದ 350ಎ ಕಲಮು ಹೇಳುತ್ತದೆ. ಅದು ಸೇರಿದ್ದೂ ನಮ್ಮ ನಡುವೆ ಗಡಿ ಬಿದ್ದ 1956ರಲ್ಲಿಯೇ. ಹಾಜರಿ ಪುಸ್ತಕದಲ್ಲಿ ಹೆಸರುಗಳಿಲ್ಲದಿದ್ದರೆ ಆ ಕಲಮನ್ನು ಯಾರ ಸಲುವಾಗಿ ಕೇಳುವುದು?

ನಾಳೆ ಹತ್ತು ಗಂಟೆಗೆ ದಾಖಲಾತಿ ಪುಸ್ತಕ ತೆರೆದಿಟ್ಟುಕೊಂಡು ಕೂತಿರುತ್ತೇನೆ. ಮರಾಠಿಯಲ್ಲಿ, ಇಂಗ್ಲಿಷಿನಲ್ಲಿ ನಿಮ್ಮ ಮಗು ಹಿಂದೆ ಬಿದ್ದಿದ್ದರೆ ಅದನ್ನೂ ಹೇಳಿ. ಸಂಜೆ ಶಾಲೆ ಬಿಟ್ಟ ಮೇಲೆ ಒಂದು ತಾಸು ನಾನು ಕಲಿಸುತ್ತೇನೆ.