ಫ್ರಾಕ್ಟಲ್ ಚಿತ್ರಕ್ಕೆ ಟೆಕ್ಸ್ಚರ್ ಬರೋದು ಎಲ್ಲಿಂದ?

ಪರದೆ ಮೇಲೆ ಈಗ ಎರಡು ಚಿತ್ರ ಇವೆ. ಎರಡೂ ಮ್ಯಾಂಡೆಲ್‌ಬ್ರಾಟ್ ಸೆಟ್‌ನ ಒಂದೇ ಮೂಲೆ. ಎಡಗಡೆಯದು ಬರೀ ಪಟ್ಟೆಪಟ್ಟೆ. ಬಲಗಡೆಯದರಲ್ಲಿ ದಂಟುಗಳು, ಎಳೆಗಳು, ಮುಟ್ಟಿದರೆ ಬೆರಳಿಗೆ ಒರಟು ತಾಗುತ್ತೇನೋ ಅನ್ನಿಸುವ ಮೈ. ಸೂತ್ರ ಒಂದೇ ಆದಮೇಲೆ ಟೆಕ್ಸ್ಚರ್ ಯಾಕೆ ಬೇರೆ?

ಮೊದಲು ಸೂತ್ರ ನೋಡೋಣ. ಒಂದು ಬಿಂದು ಆರಿಸಿ. ಸೊನ್ನೆಯಿಂದ ಶುರು ಮಾಡಿ, ಕೈಯಲ್ಲಿರುವ ಸಂಖ್ಯೆಯನ್ನು ವರ್ಗ ಮಾಡಿ, ಆ ಬಿಂದುವಿನ ಬೆಲೆ ಕೂಡಿಸಿ. ಬಂದ ಉತ್ತರಕ್ಕೆ ಮತ್ತೆ ಅದನ್ನೇ ಮಾಡ್ತಾ ಹೋಗಿ. ಉತ್ತರ ಸೊನ್ನೆಯಿಂದ 2ಕ್ಕಿಂತ ದೂರ ಹೋಯಿತು ಅಂದ್ರೆ ಬಿಂದು ತಪ್ಪಿಸಿಕೊಂಡಿತು ಅಂತ ಲೆಕ್ಕ. ಐಬಿಎಂನಲ್ಲಿದ್ದ ಗಣಿತಜ್ಞ ಬೆನುವಾ ಮ್ಯಾಂಡೆಲ್‌ಬ್ರಾಟ್ 1980ರಲ್ಲಿ ಕಂಪ್ಯೂಟರ್‌ನಿಂದ ಬರೆಸಿ ನೋಡಿದ್ದು ಎಂದೂ ತಪ್ಪಿಸಿಕೊಳ್ಳದ ಬಿಂದುಗಳ ಈ ಸೆಟ್ ಅನ್ನೇ.

0.5 ಹಾಕಿ ನೋಡಿ. 0.5, 0.75, 1.06, 1.63, 3.15. ಐದನೇ ಹೆಜ್ಜೆಗೆ ಹೊರಗೆ. ಪಕ್ಕದ 0.52 ಕೂಡ ಐದನೇ ಹೆಜ್ಜೆಗೇ ಹೊರಗೆ, ಆದರೆ ಅದು 3.87ಕ್ಕೆ ಹಾರುತ್ತೆ. ಹೆಜ್ಜೆ ಮಾತ್ರ ಎಣಿಸಿ ಬಣ್ಣ ಕೊಟ್ಟರೆ ಎರಡಕ್ಕೂ ಒಂದೇ ಬಣ್ಣ. ಪಟ್ಟೆ ಬೀಳೋದು ಇದರಿಂದ. ಎಷ್ಟು ದೂರ ಹಾರಿತು ಅನ್ನೋದನ್ನೂ ಲೆಕ್ಕಕ್ಕೆ ಸೇರಿಸಿದರೆ ಬಣ್ಣಗಳು ಒಂದರೊಳಗೊಂದು ಕರಗಿ ಮೈ ನುಣುಪಾಗುತ್ತೆ.

ಆದರೆ ಬಿಂದು ಹೊರಗೆ ಹೋಗೋ ಮೊದಲು ಎಲ್ಲೆಲ್ಲೋ ಸುತ್ತಾಡಿರುತ್ತೆ. ಆ ದಾರಿಯನ್ನು ಯಾಕೆ ಎಸೆಯಬೇಕು? ಸಮತಲದ ಮೇಲೆ ಒಂದು ಗೆರೆಯನ್ನೋ ವೃತ್ತವನ್ನೋ ಇಡಿ. ಬಿಂದು ಅದಕ್ಕೆ ಎಷ್ಟು ಹತ್ತಿರ ಬಂದಿತ್ತು ಅಂತ ನೋಡಿ ಬಣ್ಣ ಕೊಡಿ. ಇದೇ ಆರ್ಬಿಟ್ ಟ್ರ್ಯಾಪ್. ಎರಡು ಅಕ್ಷರೇಖೆಗಳನ್ನೇ ಟ್ರ್ಯಾಪ್ ಮಾಡಿಕೊಂಡರೆ ಬಲಗಡೆಯ ದಂಟುಗಳು ಮೂಡುತ್ತವೆ. ಕ್ಲಿಫರ್ಡ್ ಪಿಕ್‌ಓವರ್ ಹೆಸರಿನಿಂದ ಅವನ್ನು ಪಿಕ್‌ಓವರ್ ಸ್ಟಾಕ್ಸ್ ಅಂತಲೇ ಕರೀತಾರೆ.

1992ರಲ್ಲಿ ಸ್ಕಾಟ್ ಡ್ರೇವ್ಸ್ ರೂಪಿಸಿದ ಫ್ರಾಕ್ಟಲ್ ಫ್ಲೇಮ್ ಇನ್ನೊಂದು ಬಗೆ. ಅಲ್ಲಿ ಒಂದು ಬಿಂದು ಜಿಗಿಯುತ್ತಲೇ ಇರುತ್ತೆ. ಪ್ರತಿ ಪಿಕ್ಸೆಲ್ ಮೇಲೆ ಎಷ್ಟು ಸಲ ಬಿತ್ತು ಅಂತ ಎಣಿಸ್ತಾರೆ. ಒಂದು ಕಡೆ 10 ಸಲ, ಇನ್ನೊಂದು ಕಡೆ 10 ಲಕ್ಷ ಸಲ ಬಿದ್ದಿದೆ ಅನ್ನಿ. ನೇರವಾಗಿ ಬೆಳಕಿಗೆ ಇಳಿಸಿದರೆ ಮೊದಲನೆಯದು ಕಪ್ಪಲ್ಲಿ ಮುಳುಗಿಹೋಗುತ್ತೆ. ಲಾಗರಿದಮ್ ತಗೊಂಡರೆ ಅವು 1 ಮತ್ತು 6. ಈಗ ತೀರಾ ತೆಳು ಎಳೆಯೂ ಉಳಿಯುತ್ತೆ, ಹೊಗೆಯಂಥ ಪದರಗಳು ಕಾಣುತ್ತವೆ.

ಫ್ರಾಕ್ಟಲ್ ಮೇಲೆ ಕಲ್ಲಿನದೋ ಬಟ್ಟೆಯದೋ ಫೋಟೊ ಅಂಟಿಸಿಯೂ ಟೆಕ್ಸ್ಚರ್ ತರಬಹುದು. ಆದರೆ ಜೂಮ್ ಮಾಡ್ತಾ ಹೋದಂತೆ ಫೋಟೊ ಮಸುಕಾಗುತ್ತೆ, ಫ್ರಾಕ್ಟಲ್ ಅಂಚು ಮಾತ್ರ ಹೊಸ ಹೊಸ ವಿವರ ಕೊಡ್ತಾನೇ ಇರುತ್ತೆ. ಲೆಕ್ಕದಿಂದಲೇ ಹುಟ್ಟಿದ ಟೆಕ್ಸ್ಚರ್ ಆಕಾರದ ಜೊತೆಗೇ ಆಳಕ್ಕೆ ಇಳಿಯುತ್ತೆ. ಅದಕ್ಕೇ ನನಗೆ ಅದು ಅಲಂಕಾರ ಅಲ್ಲ, ಚಿತ್ರದ ಅರ್ಧ ಜೀವ.

ನೀವೂ ಮಾಡಿ ನೋಡೋದಾದರೆ ಪ್ಯಾಲೆಟ್ ಬದಲಿಸೋದನ್ನು ಆಮೇಲಿಗೆ ಇಟ್ಟುಕೊಳ್ಳಿ. ಮೊದಲು ಟ್ರ್ಯಾಪ್ ಅನ್ನು ಸ್ವಲ್ಪ ಸರಿಸಿ, ಗೆರೆ ಇದ್ದಲ್ಲಿ ವೃತ್ತ ಇಡಿ. ಬಿಂದುವಿನ ದಾರಿಯಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕು ಅಂತ ಆರಿಸುವಾಗಲೇ ಕಲಾವಿದರ ಕೆಲಸ ಶುರುವಾಗೋದು.