ಲೋಹದ ವಿಷಕ್ಕೊಂದು ಜರಡಿ
(ಕಾರ್ಮಿಕರ ಅಧ್ಯಯನ ಕೂಟದಲ್ಲಿ ಮಾಡಿದ ಭಾಷಣದ ಸಾರ)



ನೀರನ್ನು ಕುದಿಸಿ ಕುಡಿಯಿರಿ ಎಂದು ಶಾಲೆಯಲ್ಲಿ ಮಕ್ಕಳಿಗೆ ಹೇಳಿಕೊಡುತ್ತೇವೆ. ಕಾಲರಾದ ಕ್ರಿಮಿಗೆ ಅದು ಸರಿಯಾದ ಮದ್ದು. ಆದರೆ ಸೀಸ, ಕ್ಯಾಡ್ಮಿಯಂ, ಕ್ರೋಮಿಯಂಗಳು ಬೆಂಕಿಗೆ ಸಾಯುವ ಜೀವಿಗಳಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅವುಗಳ ಪ್ರಮಾಣ ಏರುತ್ತದೆ. ಕುಡಿಯುವ ನೀರಿನಲ್ಲಿ ಸೀಸ ಲೀಟರಿಗೆ 0.01 ಮಿಲಿಗ್ರಾಂ ಮೀರಬಾರದೆಂದು ನಮ್ಮ ದೇಶದ ಮಾನದಂಡ ಹೇಳುತ್ತದೆ. ಅಷ್ಟು ಅಲ್ಪವನ್ನು ಕಣ್ಣು ಕಾಣದು, ನಾಲಿಗೆ ಅರಿಯದು.

ಇದರ ಫಲವೇನೆಂದು ಜಪಾನಿನ ಮಿನಮಾಟಾ ಊರು ತೋರಿಸಿದೆ. ಅಲ್ಲಿ 1956ರಲ್ಲಿ ಕೈಕಾಲು ನಡುಗುವ, ಮಾತು ತೊದಲುವ ರೋಗವೊಂದು ಬೆಳಕಿಗೆ ಬಂತು. ಚಿಸ್ಸೋ ರಸಾಯನ ಕಾರ್ಖಾನೆ ಕಡಲಿಗೆ ಬಿಟ್ಟ ಪಾದರಸ ಮೀನನ್ನು ಸೇರಿ, ಮೀನಿನಿಂದ ಬೆಸ್ತರ ಮನೆ ಸೇರಿತ್ತು. ಸರ್ಕಾರ ಆ ಕಾರಣವನ್ನು ಒಪ್ಪಿಕೊಂಡದ್ದು 1968ರಲ್ಲಿ. ಹನ್ನೆರಡು ವರ್ಷ! ಅಷ್ಟರಲ್ಲಿ ನರಳಿದವರು ನಿಮ್ಮಂತೆ ದುಡಿದು ತಿನ್ನುವ ಜನ.

ಹಾಗಾದರೆ ಉಪಾಯವಿಲ್ಲವೇ? ಇದೆ. ಅದರಲ್ಲೊಂದನ್ನು ಹೇಳುತ್ತೇನೆ.

ಎಳ್ಳನ್ನು ದೊಡ್ಡ ಕಣ್ಣಿನ ಜರಡಿಗೆ ಸುರಿದರೆ ಸೋರಿಹೋಗುತ್ತದೆ. ಅದೇ ಎಳ್ಳನ್ನು ಬೆಲ್ಲದ ಪಾಕ ಹಾಕಿ ಉಂಡೆ ಕಟ್ಟಿದರೆ? ಉಂಡೆ ಮೇಲೆಯೇ ನಿಲ್ಲುತ್ತದೆ. ಇಲ್ಲಿಯೂ ಅಷ್ಟೆ. ನೀರಿನಲ್ಲಿ ಕರಗಿದ ಲೋಹದ ಕಣ ಒಂದು ನ್ಯಾನೋಮೀಟರಿಗಿಂತ ಚಿಕ್ಕದು. ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲೂ ಇಲ್ಲ. ಸೋಸುವ ಪೊರೆಯ ರಂಧ್ರ ಅದಕ್ಕಿಂತ ದೊಡ್ಡದು. ಆದುದರಿಂದ ಮೊದಲು ನೀರಿಗೆ ಪಾಲಿಮರ್ ಎಂಬ ಉದ್ದ ಸರಪಳಿಯ ವಸ್ತುವನ್ನು ಬೆರೆಸುತ್ತಾರೆ. ಸೀಗಡಿ ಚಿಪ್ಪಿನಿಂದ ತೆಗೆಯುವ ಕೈಟೋಸಾನ್ ಅಂಥದೊಂದು. ಕಾರ್ಖಾನೆಯಲ್ಲಿ ತಯಾರಾಗುವ ಪಾಲಿಎಥಿಲೀನ್‌ಇಮೈನ್ ಇನ್ನೊಂದು. ತಾಮ್ರ, ನಿಕಲ್ ಮೊದಲಾದವು ಈ ಸರಪಳಿಗೆ ಅಂಟಿಕೊಳ್ಳುತ್ತವೆ. ಪೊರೆ ಸರಪಳಿಯನ್ನು ತಡೆಯುತ್ತದೆ, ನೀರನ್ನು ಬಿಡುತ್ತದೆ. ಬಳಿಕ ಆಮ್ಲ ಸೇರಿಸಿದರೆ ಲೋಹ ಕಳಚಿಕೊಳ್ಳುತ್ತದೆ; ಪಾಲಿಮರನ್ನು ಮತ್ತೆ ಬಳಸಬಹುದು. ಕರಗಿದ ಲವಣವನ್ನೇ ತಡೆಯುವ ಆರ್.ಓ. ಯಂತ್ರಕ್ಕೆ ಬೇಕಾದಷ್ಟು ಒತ್ತಡ ಇದಕ್ಕೆ ಬೇಡ, ವಿದ್ಯುತ್ತೂ ಉಳಿಯುತ್ತದೆ.

ತೊಡಕುಗಳೂ ಉಂಟು. ಪೊರೆ ಕಟ್ಟಿಕೊಳ್ಳುತ್ತದೆ, ತೊಳೆಯಬೇಕು. ನೀರಿನಲ್ಲಿ ಉಪ್ಪು ಹೆಚ್ಚಿದ್ದರೆ ಲೋಹದ ಹಿಡಿತ ಸಡಿಲವಾಗಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ವಿಷ ಮಾಯವಾಗುವುದಿಲ್ಲ, ಒಂದೆಡೆ ಸೇರುತ್ತದೆ. ಸೇರಿದ್ದನ್ನು ರಾತ್ರೋರಾತ್ರಿ ಹಳ್ಳಕ್ಕೆ ಸುರಿದರೆ ಈ ವಿಜ್ಞಾನವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಖರ್ಚು ಯಾರದು? ತಮಿಳುನಾಡಿನ ವೆಲ್ಲೂರಿನ ಚರ್ಮ ಹದಮಾಡುವ ಕಾರ್ಖಾನೆಗಳ ಮೊಕದ್ದಮೆಯಲ್ಲಿ 1996ರಲ್ಲಿ ಸುಪ್ರೀಂ ಕೋರ್ಟು ಉತ್ತರ ಕೊಟ್ಟಿದೆ: ಕೆಡಿಸಿದವನೇ ತೆರಬೇಕು. ಲೋಹಕ್ಕೆ ಹೊಳಪು ಕೊಡುವ ಸಣ್ಣ ಅಂಗಡಿಯವನಿಗೆ ಒಬ್ಬನೇ ಯಂತ್ರ ಕೊಳ್ಳುವುದು ಕಷ್ಟ, ನಿಜ. ಹತ್ತಾರು ಮಂದಿ ಕೂಡಿ ಒಂದೇ ಶುದ್ಧೀಕರಣ ಘಟಕ ನಡೆಸಬಹುದು.

ನಾವು ಕೇಳಬೇಕಾದದ್ದು ಇಷ್ಟು: ಕಾರ್ಖಾನೆಯಿಂದ ಹೊರಬೀಳುವ ನೀರಿನ ಪರೀಕ್ಷೆಯ ಅಂಕಿಗಳನ್ನು ಪ್ರತಿ ತಿಂಗಳೂ ಬಾಗಿಲಲ್ಲಿ ಕನ್ನಡದಲ್ಲಿ ಹಚ್ಚಲಿ. ಸಂಬಳದ ಮಾತಿನೊಡನೆ ನೀರಿನ ಮಾತೂ ಬೇಡಿಕೆಪಟ್ಟಿಗೆ ಸೇರಲಿ.